ತಣ್ಣಗಿದ್ದ ತೊಟ್ಟಿ

ಬಣ್ಣದ ಕಾರ್ಖಾನೆಯ ಮೂರನೇ ತೊಟ್ಟಿಯ ಪಕ್ಕ ಹತ್ತೊಂಬತ್ತು ವರ್ಷ ನಿಂತವಳು ಅವಳು. ಎಲ್ಲರ ಬಾಯಲ್ಲೂ ತೊಟ್ಟಿಯಮ್ಮ. ಕೆಲಸ ಹೇಗೆ ನಡೀತಿದೆ ಎಂದು ತಿಳಿಯಲು ಅವಳಿಗೆ ಮೀಟರು ಬೇಕಿರಲಿಲ್ಲ, ಅಂಗೈ ಸಾಕಿತ್ತು. ಮೇಲಿಂದ ಆಸಿಡ್ ಸಣ್ಣಗೆ ಎಣ್ಣೆಗೆ ಇಳಿಯುತ್ತಿರಬೇಕು, ಒಳಗೆ ಕಲಕುವ ಮಿಷನ್ನು ಬಿರುಸಾಗಿ ತಿರುಗುತ್ತಿರಬೇಕು. ಬಿದ್ದ ಹನಿಯನ್ನು ಸುಳಿ ಎಳೆದುಕೊಂಡು ಮೂಲೆಮೂಲೆಗೆ ಹಂಚಿದರೆ ಅಲ್ಲಲ್ಲೇ ಕೂಡಿಕೊಂಡು ಅಷ್ಟಷ್ಟೇ ಬಿಸಿ ಹುಟ್ಟುತ್ತದೆ; ತಣ್ಣೀರಿನ ಕೊಳವೆ ಅದನ್ನು ಹೊತ್ತೊಯ್ಯುತ್ತದೆ. ಹಾಗಾಗಿ ತೊಟ್ಟಿಯ ಮೈ ಆಗತಾನೆ ಎದ್ದ ಮಗುವಿನ ಮೈಯಂತೆ ಬೆಚ್ಚಗಿರುತ್ತದೆ.

ಆ ಮಧ್ಯಾಹ್ನ ತಣ್ಣಗಿತ್ತು.

ಮೋಟಾರು ಗುಂಯ್ ಅನ್ನುತ್ತಲೇ ಇತ್ತು. ಏಣಿ ಹತ್ತಿ ನೋಡಿದರೆ ಬೆಲ್ಟು ಕಳಚಿ ಜೋತಾಡುತ್ತಿದೆ. ಕಲಕುವ ರೆಕ್ಕೆಗಳು ನಿಂತು ಎಷ್ಟು ಹೊತ್ತಾಗಿತ್ತೋ! ಆಸಿಡ್ ಮಾತ್ರ ಅರ್ಧಕ್ಕರ್ಧ ಇಳಿದು, ಭಾರದ ಪದಾರ್ಥ ನೋಡಿ, ಎಣ್ಣೆಯ ಅಡಿಯಲ್ಲಿ ಗಪ್‌ಚುಪ್ಪಾಗಿ ಕೂತಿತ್ತು. ಅವಳು ಆಸಿಡ್ ನಿಲ್ಲಿಸಿದಳು, ಮೋಟಾರೂ ಆರಿಸಿದಳು.

ಸೂಪರ್‌ವೈಸರ್ ಓಡಿಬಂದ. ಅವಳ ಒಡಹುಟ್ಟಿದ ತಮ್ಮ, ಅವಳೇ ಓದಿಸಿದವನು.

"ಬೆಲ್ಟ್ ಹಾಕಿ ಶುರು ಮಾಡಕ್ಕ. ಬಿಸಿ ತಾನಾಗೇ ಬರುತ್ತೆ."

"ಬರುತ್ತಪ್ಪಾ, ಯಾಕೆ ಬರಲ್ಲ! ಇಷ್ಟು ಹೊತ್ತು ಕೂಡಬೇಕಾಗಿದ್ದೆಲ್ಲ ಒಂದೇ ಸಲ ಕೂಡುತ್ತೆ. ಸೂರು ಕಿತ್ಕೊಂಡು ಬರುತ್ತೆ."

"ಪಿಂಚಣಿಗೆ ಇನ್ನೊಂದೇ ವರ್ಷ ಇದೆ ನಿಂಗೆ. ಮಾಲು ಹಾಳಾದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ. ನೀನು ಮೊದಲು ಎಲ್ರನ್ನೂ ಹೊರಗೆ ಕಳಿಸು."

ಗೊಣಗಿಕೊಂಡೇ ಕಳಿಸಿದ. ಅವಳು ಅಡಿಯ ಕೊಳಾಯಿಯಿಂದ ಆಸಿಡ್ಡನ್ನು ಖಾಲಿ ತೊಟ್ಟಿಗೆ ಎಳೆಎಳೆಯಾಗಿ ಇಳಿಸಿ ಮುಗಿಸುವಾಗ ಸಂಜೆಯಾಗಿತ್ತು. ಎಣ್ಣೆಯೆಲ್ಲ ಕೆಟ್ಟುಹೋಯಿತು.

ಮೂರನೇ ದಿನ ಯಜಮಾನರ ಕೋಣೆಯಲ್ಲಿ ಎಣ್ಣೆ ಹಾಳಾದದ್ದರ ವಿಚಾರಣೆ. ತಮ್ಮ ಒಂದು ಗಾಜಿನ ಲೋಟ ತಂದಿದ್ದ. ಅಡಿಯಲ್ಲಿ ಆಸಿಡ್, ಮೇಲೆ ಎಣ್ಣೆ. ಕಡ್ಡಿಯಿಂದ ಗರಗರ ಕಲಕಿದ.

"ನೋಡಿ ಸಾರ್. ಬೆಚ್ಚಗಾಯ್ತು, ಅಷ್ಟೇ."

ಯಜಮಾನರು ಲೋಟ ಮುಟ್ಟಿ ನಕ್ಕರು.

"ಲೋಟದ ಬಿಸಿ ಗಾಜು ದಾಟಿ ಹೋಗುತ್ತೆ ಸ್ವಾಮಿ," ಎಂದಳು ಅವಳು. "ಅಷ್ಟು ದೊಡ್ಡ ತೊಟ್ಟಿ ಹೊಟ್ಟೇಲಿ ಹುಟ್ಟಿದ್ದು ಎಲ್ಲಿಂದ ಹೋಗಬೇಕು?"

"ಸದ್ಯಕ್ಕೆ ಹೋಗಬೇಕಾದವರು ನೀವು," ಎಂದರು ಯಜಮಾನರು.

ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಸೂರು ತನ್ನ ಜಾಗದಲ್ಲೇ ಇತ್ತು. ಕೆಳಗೆ ಹದಿನಾಲ್ಕು ಜನ ಟೀ ಕುಡಿಯುತ್ತಿದ್ದರು.

ವಾರದ ಮೇಲೆ ತನ್ನ ಬೀರುವಿನ ಬೀಗದ ಕೈ ಒಪ್ಪಿಸಲು ಬಂದವಳು ಮೂರನೇ ತೊಟ್ಟಿಯ ಮೇಲೆ ಹೊಸ ಫಲಕ ಕಂಡಳು. 'ಕಲಕುವ ಮಿಷನ್ ನಿಂತಿದ್ದಾಗ ಆಸಿಡ್ ಒಳಗೆ ಹೋಗಿದ್ದರೆ ಮಿಷನ್ ಶುರು ಮಾಡಕೂಡದು. ಜನರನ್ನು ಹೊರಗೆ ಕಳಿಸಿ, ಅಡಿಯಿಂದ ಖಾಲಿ ಮಾಡಬೇಕು.' ಕೆಳಗೆ ತಮ್ಮನ ಸಹಿ.

ಅವನು ಅಲ್ಲೇ ನಿಂತಿದ್ದ.

"ಯಾವಾಗ ಗೊತ್ತಾಯ್ತು ನಿಂಗೆ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅವತ್ತೇ, ಮನೆಗೆ ಹೋಗಿ ಲೆಕ್ಕ ಹಾಕಿದಾಗ."

"ಅಂದ್ರೆ ಲೋಟ ಹಿಡ್ಕೊಂಡು ಬರೋಕೆ ಮುಂಚೆ."

"ಭಾನುವಾರ ಊಟಕ್ಕೆ ಬರ್ತೀನಕ್ಕ. ಕೂತು ಮಾತಾಡೋಣ."

"ಬಾ, ಬಡಿಸ್ತೀನಿ," ಎಂದು ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟಳು. "ಅಕ್ಕ ಅಂತ ಮಾತ್ರ ಕರೀಬೇಡ."