ಆರೋಗ್ಯನಾಥರ ಹುಣ್ಣು

ಅಂಗಡಿಯಲ್ಲಿ ಗಾಜು ಒಡೆದರೆ ಸಹಿಸಿಕೊಳ್ಳುತ್ತೇನೆ, ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಮಾತ್ರ ಸುಮ್ಮನಿರುವ ಜಾತಿಯವನಲ್ಲ. ಆರ್.ಟಿ. ನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಪಟಗಳಿಗೆ ಫ್ರೇಮು ಹಾಕುತ್ತಿದ್ದೇನೆ. ತಿರುಪತಿ ತಿಮ್ಮಪ್ಪನೋ, ಮಕ್ಕಾ ಮದೀನವೋ, ಏಸುವೋ, ತೀರಿಹೋದವರ ಫೋಟೋವೋ, ಈ ಮನ್ಸೂರನ ಕೈಯಲ್ಲಿ ಕೆಟ್ಟದ್ದು ಒಂದೂ ಇಲ್ಲ. ಹೋದ ಗುರುವಾರ ಬೆಳಿಗ್ಗೆ ಹನ್ನೊಂದರವರೆಗೂ ಹೀಗೆಯೇ ಎದೆಯುಬ್ಬಿಸಿಕೊಂಡು ಹೇಳುತ್ತಿದ್ದೆ.

ಆ ವಾರದ ಸೋಮವಾರ, ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ಆರೋಗ್ಯಮ್ಮ ಹಳೇ ಸೀರೆಯಲ್ಲಿ ಸುತ್ತಿಕೊಂಡು ಒಂದು ಪಟ ತಂದಿದ್ದರು. ಪರದೇಶದಲ್ಲಿ ಅಚ್ಚಾದ ಬಣ್ಣದ ಚಿತ್ರ. ಪ್ಲೇಗಿನ ಕಾಲದಲ್ಲಿ ಪಾದ್ರಿಗಳೊಬ್ಬರು ಅವರ ಗಂಡ ಚೌರಪ್ಪನವರ ಮುತ್ತಾತನಿಗೆ ಕೊಟ್ಟದ್ದಂತೆ. ಒಬ್ಬ ಸಂತ, ಕೈಯಲ್ಲಿ ಕೋಲು, ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ.

“ಗ್ಲಾಸ್ ಬದಲಾಯ್ಸಿ, ಧೂಳ್ ಒರ್ಸಿ ಕೊಡಿ ಸಾಬ್ರೇ, ಅಷ್ಟೇ ಸಾಕು. ಶುಕ್ರವಾರ ನಮ್ ಯಜಮಾನ್ರನ್ನ ಆಸ್ಪತ್ರೆಗೆ ಸೇರಿಸ್ಬೇಕು. ಸಕ್ಕರೆ ಕಾಯಿಲೆ, ಪಾದ ತೆಗೀತಾರಂತೆ. ನಮ್ಮ ಆರೋಗ್ಯನಾಥರ ಪಟ ಮುಟ್ದೆ ಆಪರೇಷನ್ ಮಾಡಿಸ್ಕೊಳಲ್ಲ ಅಂತ ಹಟ ಇಡ್ಕೊಂಡು ಕೂತವ್ರೆ.”

ಒರೆಸಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಅಷ್ಟಕ್ಕೇ ನಿಲ್ಲಲು ಬರುವುದಿಲ್ಲ, ಅದೇ ನನ್ನ ದರಿದ್ರ ಬುದ್ಧಿ. ಗಾಜು ತೆಗೆದು ನೋಡಿದರೆ ಆ ಸಂತರು ನಿಲುವಂಗಿಯನ್ನು ತೊಡೆಯವರೆಗೂ ಎತ್ತಿ ಹಿಡಿದು ನಿಂತಿದ್ದಾರೆ! ನನ್ನ ಕೆನ್ನೆ ಬಿಸಿಯಾಯಿತು. ನಮ್ಮಲ್ಲಿ ಗಂಡಸಾದರೂ ಮೊಣಕಾಲಿನ ಮೇಲೆ ತೋರಿಸಬಾರದು. ಚಡ್ಡಿ ಹಾಕಿಕೊಂಡು ಮಸೀದಿಗೆ ಬಂದವರನ್ನು ನಾನೇ ಗದರಿಸಿ ವಾಪಸು ಕಳಿಸಿದ್ದೇನೆ. ಅಂಥದ್ದರಲ್ಲಿ ದೇವರ ಮನುಷ್ಯನನ್ನು ಹೀಗೆ ನಿಲ್ಲಿಸಿದವನು ಎಂಥ ಕಿಡಿಗೇಡಿ ಇರಬೇಕು ಎಂದು ಆ ಚಿತ್ರಕಾರನನ್ನು ಬೈದುಕೊಂಡೆ. ಸಾಲದ್ದಕ್ಕೆ ತೊಡೆಯ ಮೇಲೊಂದು ಕೆಂಪು ಕಲೆ. ಮೊಳೆಯ ತುಕ್ಕು ಇಳಿದಿದೆ ಅಂದುಕೊಂಡು ಬ್ಲೇಡಿನಿಂದ ನಯವಾಗಿ ಕೆರೆದು ತೆಗೆದೆ. ಆಮೇಲೆ ಎರಡು ದಿನ ಕೂತು ಅಂಗಿಯನ್ನು ಪಾದದವರೆಗೂ ಇಳಿಸಿದೆ. ಮಡಿಕೆ, ನೆರಳು, ಅಂಚಿನ ಹಳದಿ ಗೆರೆ, ಎಲ್ಲಿ ಹಳೆಯದು ಮುಗಿದು ಎಲ್ಲಿ ನನ್ನದು ಶುರುವಾಯಿತು ಎಂದು ಯಾರಪ್ಪನಿಗೂ ಗೊತ್ತಾಗದ ಹಾಗೆ. ಸಂತರ ಮಾನ ಉಳಿಸಿದೆ ಎಂದು ನನಗೆ ಖುಷಿಯೋ ಖುಷಿ.

ಗುರುವಾರ ಗಂಡ ಹೆಂಡತಿ ಇಬ್ಬರೂ ಆಟೋದಲ್ಲಿ ಬಂದರು. ಚೌರಪ್ಪನವರ ಬಲಪಾದಕ್ಕೆ ದಪ್ಪ ಬ್ಯಾಂಡೇಜು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮದುವೆಹೆಣ್ಣಿನ ಮುಸುಕು ತೆಗೆದಂತೆ ಪೇಪರು ಬಿಚ್ಚಿ ಪಟ ತೋರಿಸಿದೆ.

“ಅಯ್ಯೋ ನನ್ ಸ್ವಾಮೀ!” ಆರೋಗ್ಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. “ಹುಣ್ಣೆಲ್ಲಿ? ಹುಣ್ಣೆಲ್ಲಿ ಸಾಬ್ರೇ?”

“ಯಾವ ಹುಣ್ಣಮ್ಮಾ?”

“ತೊಡೆ ಮೇಲಿನ ಹುಣ್ಣು ಕಣ್ರೀ! ಪ್ಲೇಗ್ ಬಂದೋರ ಸೇವೆ ಮಾಡಿ ಮಾಡಿ ಅವ್ರಿಗೂ ಪ್ಲೇಗ್ ಗಡ್ಡೆ ಎದ್ದಿತ್ತು. ಊರೋರ್ಗೆ ಅಂಟಬಾರ್ದು ಅಂತ ಕಾಡು ಸೇರಿದ್ರು, ನಾಯಿ ರೊಟ್ಟಿ ತಂದು ಸಾಕ್ತು. ನಮ್ಮನೇಲಿ ಯಾರ್ ಆಸ್ಪತ್ರೆಗೋದ್ರೂ ಆ ಹುಣ್ ಮುಟ್ಟೇ ಹೋಗೋದು. ನಾಕ್ ತಲೆಮಾರಿಂದ!”

ಯಾ ಅಲ್ಲಾ, ತುಕ್ಕು ಎಂದು ನಾನು ಕೆರೆದದ್ದು ಅದನ್ನೇ.

ಕೂಗು ಕೇಳಿ ಪಕ್ಕದ ಜೆರಾಕ್ಸ್ ಅಂಗಡಿಯ ಮಧುಶ್ರೀ ಓಡಿ ಬಂದಳು. ವಿಷಯ ತಿಳಿದು ಫೋನಿನಲ್ಲಿ ಹುಡುಕಿ ನನ್ನ ಮುಂದೆ ಹಿಡಿದಳು. “ನೋಡಿ ಅಂಕಲ್, ಎಲ್ಲಾದ್ರಲ್ಲೂ ಇದೆ.”

ಐನೂರು ವರ್ಷದ ಹಿಂದಿನ ಅಚ್ಚಿನ ಚಿತ್ರಗಳು, ಇಟಲಿಯ ದೊಡ್ಡ ದೊಡ್ಡ ವರ್ಣಚಿತ್ರಗಳು. ಒಂದರಲ್ಲಿ ಎಡತೊಡೆ, ಇನ್ನೊಂದರಲ್ಲಿ ಬಲತೊಡೆ. ಒಂದರಲ್ಲಿ ದೇವದೂತ ಬಂದು ಮುಲಾಮು ಹಚ್ಚುತ್ತಿದ್ದಾನೆ. ಎಲ್ಲದರಲ್ಲೂ ಸಂತರು ಬಟ್ಟೆ ಎತ್ತಿ ಹುಣ್ಣಿಗೆ ಬೆರಳು ತೋರಿಸುತ್ತಿದ್ದಾರೆ. ಪ್ಲೇಗಿನ ಗಡ್ಡೆ ಹೆಚ್ಚಾಗಿ ಏಳುತ್ತಿದ್ದದ್ದು ತೊಡೆಸಂದಿಯಲ್ಲಂತೆ, ಮರ್ಯಾದೆಗೆ ಅಂಜಿ ಚಿತ್ರಕಾರರು ಅದನ್ನು ತೊಡೆಗೆ ಇಳಿಸಿದ್ದಂತೆ. ಮಧುಶ್ರೀ ಓದಿ ಹೇಳಿದಳು. ನನಗಿಂತ ಮೊದಲೇ ನಾಚಿಕೆಪಟ್ಟವರು ಇದ್ದಾರೆ ಅನ್ನಿ. ಆದರೆ ಪೂರ್ತಿ ಮುಚ್ಚಿದ ಪುಣ್ಯಾತ್ಮ ನಾನು ನೋಡಿದ ಮಟ್ಟಿಗೆ ನಾನೊಬ್ಬನೇ.

ಗಾಜು ಬಿಚ್ಚಿ, ಹತ್ತಿಯಲ್ಲಿ ನನ್ನ ಬಣ್ಣ ಒರೆಸತೊಡಗಿದೆ. ಅಂಗಿ ಕರಗಿತು, ತೊಡೆ ಬಂತು, ಹುಣ್ಣಿದ್ದ ಜಾಗದಲ್ಲಿ ಬಿಳೀ ಕಾಗದ. ನಾಚಿಕೆಯಿಂದ ಸತ್ತೇಹೋದೆ.

“ಮುಟ್ಟಕ್ಕೆ ಏನೂ ಇಲ್ವಲ್ಲಾ,” ಅಂದರು ಚೌರಪ್ಪ. “ನಾನ್ ನಾಳೆ ಓಗಲ್ಲ ಬಿಡು ಆರೋಗ್ಯ.”

“ಡಾಕ್ಟ್ರು ಇನ್ನೆರಡ್ ದಿನ ತಡೆದ್ರೂ ಜೀವಕ್ಕೇ ಕುತ್ತು ಬರುತ್ತೆ ಅಂದವ್ರೆ!” ಆರೋಗ್ಯಮ್ಮ ಗೋಳೋ ಎಂದು ಅತ್ತುಬಿಟ್ಟರು.

“ನಾನು ಬರೀತೀನಿ,” ಅಂದೆ. “ಹೆಂಗಿತ್ತು ಹೇಳಿ, ಹಂಗೇ ಬರೀತೀನಿ.”

ಚೌರಪ್ಪ ಬಗ್ಗಿ ಬ್ಯಾಂಡೇಜು ಬಿಚ್ಚತೊಡಗಿದರು. ಒಂದೊಂದೇ ಸುತ್ತು ಬಿಚ್ಚಿದ ಹಾಗೆ ವಾಸನೆ ಅಂಗಡಿ ತುಂಬಿತು. ಮಧುಶ್ರೀ ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ಆ ಪಾದವನ್ನು ನಾನು ಹೇಗೆ ಹೇಳಲಿ? ಎರಡು ಬೆರಳು ಕಪ್ಪಾಗಿದ್ದವು. ಅಂಗಾಲಿನಲ್ಲಿ ಅಂಗೈ ಅಗಲದ ಹುಣ್ಣು, ನಡುವೆ ಬೆಳ್ಳಗೆ ಮೂಳೆ.

“ಸಕ್ಕರೆ ಜಾಸ್ತಿ ಆಗಿ ಪಾದ ತೆಗೀತಾರೆ, ಗಾಯ ಸಣ್ದೇ ಅಂದಿದ್ರಲ್ರೀ,” ಆರೋಗ್ಯಮ್ಮನ ಅಳು ಥಟ್ಟನೆ ನಿಂತುಹೋಯಿತು. “ಎರಡ್ ತಿಂಗ್ಳಿಂದ ನಂಗೆ ತೋರಿಸ್ಲೇ ಇಲ್ವಲ್ರೀ!”

“ನೋಡ್ದ್ರೆ ನೀನು ಊಟ ಬಿಡ್ತಿದ್ದೆ,” ಅಂದು ಅವರು ನನ್ನ ಕಡೆ ತಿರುಗಿದರು. “ಇದನ್ ನೋಡ್ಕಂಡ್ ಬರೀರಿ ಸಾಬ್ರೇ.”

ಬ್ರಷ್ಷು ಅದ್ದಿ ಒಂದು ಕೆಂಪು ಚುಕ್ಕೆ ಇಟ್ಟೆ.

“ಇಂಗಲ್ಲ. ಮುಖ ತಿರುಗಿಸ್ಬ್ಯಾಡಿ. ಸರ್ಯಾಗ್ ನೋಡಿ.”

ನೋಡಿದೆ. ನೋಡಿ ನೋಡಿ ಬರೆದೆ. ಕಣ್ಣಲ್ಲಿ ನೀರು ಬಂದು ಬಣ್ಣ ಎರಡೆರಡಾಗಿ ಕಾಣುತ್ತಿತ್ತು. ಮುಗಿಸಿದಾಗ ಚೌರಪ್ಪ ಒಣಗಲೂ ಬಿಡದೆ ಅದರ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡರು. “ನಾಳೆ ಎಷ್ಟ್ ಒತ್ಗೆ ಓಗ್ಬೇಕು?” ಅಂತ ಹೆಂಡತಿಯನ್ನು ಕೇಳಿದರು.

ಆರೋಗ್ಯಮ್ಮ ಪಟದ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕೂತು, ಗಂಡನ ಪಾದವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಆ ಹುಣ್ಣಿನ ಅಂಚಿಗೆ ಬೆರಳು ತಾಗಿಸಿ ಪ್ರಾರ್ಥನೆ ಹೇಳತೊಡಗಿದರು.