ಸಂಚಿಯಲ್ಲಿ ನನ್ನದೊಂದು ಜಾಗ

ನಾನು ಒಂದು ಮಡಚುವ ಚಾಕು. ಮಡಚಿಟ್ಟರೆ ನಿಮ್ಮ ನಡುಬೆರಳಿನಷ್ಟೇ ಇದ್ದೇನೆ. ನನ್ನ ಹೊಟ್ಟೆಕಿಚ್ಚು ಮಾತ್ರ ಅಷ್ಟು ಸಣ್ಣದಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳಲು ಸಲೀಸು.

ಹುಟ್ಟಿದ್ದು ಗದಗಿನ ಹತ್ತಿರದ ಒಂದು ಕುಲುಮೆಯಲ್ಲಿ. ಕಮ್ಮಾರ ಮೌನಪ್ಪ ಮುರಿದ ಗರಗಸದ ತುಂಡನ್ನು ಕಾಯಿಸಿ ಬಡಿದು ಅಲಗು ಮಾಡಿದ. ಎಮ್ಮೆಯ ಕೋಡನ್ನು ಉಜ್ಜಿ ಹಿಡಿ ಮಾಡಿದ. ಎರಡನ್ನೂ ಕೂಡಿಸಿ ತಾಮ್ರದ ಮೊಳೆ ಹೊಡೆದು, ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚಿದ. 'ಟಕ್' ಎಂದೆ. ಅದೇ ನನ್ನ ಮೊದಲ ಮಾತು.

ಸಂತೆಯಲ್ಲಿ ನನ್ನನ್ನು ಕೊಂಡವನು ಬಸ್ಸು ಓಡಿಸುವ ಫಕೀರಪ್ಪ. ಅವನ ಖಾಕಿ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕ ಇರುತ್ತಿದ್ದೆ. ನಾನೆಂದರೆ ಅವನಿಗೆ ಪೇರಲಹಣ್ಣು ಕೊಯ್ಯುವ ಒಂದು ಸಾಮಾನು, ಅಷ್ಟೇ.

ಒಂದು ದಿನ ಅವನು ನನ್ನನ್ನು ಜೇಬಿನಲ್ಲೇ ಮರೆತು ಅಂಗಿ ಒಗೆಯಲು ಹಾಕಿದ. ಅವನ ಹೆಂಡತಿ ಹಾಲವ್ವನ ಕೈಗೆ ಸಿಕ್ಕೆ. ನೆಲಕ್ಕೆ ಕುಳಿತು ಈಳಿಗೆಯಲ್ಲಿ ಹೆಚ್ಚಿಯೇ ಅರ್ಧ ಆಯುಷ್ಯ ಕಳೆದವಳು ಆಕೆ. ಮಡಚುವ ಚಾಕನ್ನು ಮುಟ್ಟಿದ್ದೇ ಇಲ್ಲ. ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಒದ್ದೆ ಬಟ್ಟೆ ಕಲ್ಲಿನ ಮೇಲೇ ಉಳಿಯಿತು.

ಸಂಜೆ ಫಕೀರಪ್ಪ ಜೇಬು ತಡಕಿದ. "ನನ್ನ ಚಾಕು ಎಲ್ಲೈತಿ?"

"ನನ್ನ ಸಂಚ್ಯಾಗ ಐತಿ."

"ಹೆಂಗಸರಿಗೆ ಎದಕ್ಕ ಜೇಬಿನ ಚಾಕು?"

"ಗಂಡಸರಿಗರೆ ಎದಕ್ಕ? ಪ್ಯಾರಲ ಕಡ್ಯಾಕ ಹಲ್ಲಿಲ್ಲೇನು?"

ಅಲ್ಲಿಗೆ ನನ್ನ ಮನೆ ಬದಲಾಯಿತು. ಹಾಲವ್ವನ ಬಟ್ಟೆಯ ಸಂಚಿಯಲ್ಲಿ ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಸುಣ್ಣದ ಡಬ್ಬಿಗೊಂದು ಅರೆ. ನಡುವಿನದು ನನಗೆ. ಎಲೆಯ ತೊಟ್ಟು ಉಗುರಿನಿಂದ ಚಿವುಟಬಹುದಾದರೂ ಆಕೆ ನನ್ನನ್ನೇ ತೆಗೆಯುತ್ತಿದ್ದಳು. ಮೋಸಂಬಿಯ ಸಿಪ್ಪೆಯನ್ನು ಎಲ್ಲೂ ಹರಿಯದಂತೆ ಉದ್ದಕ್ಕೆ ಸುಲಿದು, ಗೂಟಕ್ಕೆ ನೇತುಹಾಕಿ ನೋಡಿ ನಗುತ್ತಿದ್ದಳು. ಬೆರಳ ತುದಿಯಲ್ಲಿ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಹೆಬ್ಬೆರಳು ಊರುವ ಜಾಗದಲ್ಲಿ ನನ್ನ ಹಿಡಿ ತಗ್ಗಾಯಿತು. ಹಾಲವ್ವ ನನ್ನವಳು ಅಂದುಕೊಂಡೆ.

ಆಕೆಗೆ ಹಿಡಿಸಿದ್ದು ನಾನಲ್ಲ, ಸಣ್ಣ ಚಾಕು ಎನ್ನುವ ಜಾತಿ. ಅದು ತಿಳಿಯಲು ನನಗೆ ತಡವಾಯಿತು.

"ಕೊಲ್ಲಾಪುರದ ಗಾಡಿಗೆ ಹೊಂಟೀರಲ್ಲ, ಅಲ್ಲಿ ಇಂಥಾದು ಸಿಕ್ರ ಒಂದು ತರ್ರಿ" ಅಂದಳು ಗಂಡನಿಗೆ. ಅವನು ಗೊಣಗುತ್ತಲೇ ತಂದ. ಹಿತ್ತಾಳೆ ಹಿಡಿ, ಮೀನಿನ ಆಕಾರ.

"ಅಯ್ಯ, ಎಷ್ಟ ಚಂದ ಐತಿ ಇದು! ಕಣ್ಣು ನೋಡ್ರಿ ಇದರದು."

ನನಗೆ ಮೌನಪ್ಪ ಕಣ್ಣು ಮಾಡಿರಲಿಲ್ಲ. ಇದ್ದಿದ್ದರೆ ಅವತ್ತು ಮುಚ್ಚಿಕೊಳ್ಳುತ್ತಿದ್ದೆ.

ಮೀನಿಗೂ ಮೋಸಂಬಿಯ ಪರೀಕ್ಷೆ ಆಯಿತು. ಸಿಪ್ಪೆ ಅರ್ಧಕ್ಕೇ ಹರಿಯಿತು. ನನಗೆ ಹಬ್ಬ. ಆದರೆ ಹಾಲವ್ವ, "ಹೊಸಾದೈತಲ್ಲ, ಕೈಗೆ ಹೊಂದ್ಕೋತೈತಿ ಬಿಡು" ಎಂದು ಹಣ್ಣು ಚಪ್ಪರಿಸಿದಳು. ನಾನು ಒಮ್ಮೆ ಸಿಪ್ಪೆ ಹರಿದಾಗ ಸೀದಾ ಮಸೆಗಲ್ಲಿಗೆ ಒಯ್ದಿದ್ದಳು, ಅದು ನೆನಪಾಯಿತು.

ಆಮೇಲೆ ಕೀಲಿಕೈಯಂಥದ್ದು ಬಂತು, ಗಂಧದ ಹಿಡಿಯದು ಬಂತು. ಇಡಲು ಬಿಸ್ಕತ್ತಿನ ಡಬ್ಬಿಯೂ ಬಂತು. "ನಾ ಬಂದ್ರ ಮಾರಿ ನೋಡಂಗಿಲ್ಲ, ಚೀಲ ನೋಡ್ತಾಳ" ಎಂದು ಫಕೀರಪ್ಪ ಗೋಡೆಗೆ ಹೇಳುತ್ತಿದ್ದ. ಈ ಒಂದು ವಿಷಯದಲ್ಲಿ ಅವನೂ ನಾನೂ ಒಂದೇ ಪಂಗಡ. ಆದರೂ ಸಂಚಿಯ ನಡುವಿನ ಅರೆ ಇನ್ನೂ ನನ್ನದೇ ಇತ್ತು. ಅದನ್ನು ಹಿಡಿದುಕೊಂಡೇ ಬದುಕಿದ್ದೆ.

ದೀಪಾವಳಿಗೆ ಬಾಗಿಲಿಗೆ ಬಣ್ಣ ಹಚ್ಚುವಾಗ ಫಕೀರಪ್ಪ ಬಣ್ಣದ ಡಬ್ಬಿಯ ಮುಚ್ಚಳ ಮೀಟಲು ನನ್ನನ್ನೇ ಎಳೆದುಕೊಂಡ. ತುದಿ ಮುರಿಯಿತು, ಮೊಳೆ ಸೊಟ್ಟಗಾಯಿತು. ಬೇಕೆಂದೇ ಮಾಡಿದನೋ ಏನೋ, ಅವನ ಜೇಬು ಬಿಟ್ಟು ಹಾಲವ್ವನ ಪಾಲಾದವನಲ್ಲವೇ ನಾನು. ಹೇಗೋ ಮಡಚಿಕೊಂಡೆ, ಮತ್ತೆ ತೆರೆಯಲಿಲ್ಲ. ಹಾಲವ್ವ ಸೀಮೆಎಣ್ಣೆ ಹಾಕಿದಳು, ಉಗುರು ಮುರಿಯುವ ತನಕ ಎಳೆದಳು.

"ಪಾಪ, ಬಾಯಿ ಕಟ್ಟೇತಿ" ಎಂದು ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಹಾಕಿದಳು. ನನ್ನ ಅರೆಗೆ ಮೀನು ಹೋಯಿತು. ಪಡಸಾಲೆಯಲ್ಲಿ ಅದು 'ಟಕ್' ಎಂದಾಗಲೆಲ್ಲ ನನಗೆ ತುಕ್ಕು ಒಂದು ಪದರ ಹೆಚ್ಚು ಹಿಡಿಯುತ್ತಿತ್ತು.

ಹೀಗಿರುವಾಗ ಮಗಳು ಶಕುಂತಲಾ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು.

"ಯವ್ವಾ, ಕೂಸು ನಿದ್ದ್ಯಾಗ ಬೆಚ್ಚತೈತಿ" ಎಂದಳು ಶಕುಂತಲಾ. "ತಲಿದಿಂಬಿನ ಕೆಳಗ ಕಬ್ಬಿಣ ಇಡ್ತಾರಲ್ಲ, ಇಡು."

ಹಾಲವ್ವ ಡಬ್ಬಿಯನ್ನೂ ಸಂಚಿಯನ್ನೂ ಟವೆಲ್ಲಿನ ಮೇಲೆ ಸುರಿದಳು. ಎಲ್ಲರೂ ಹೊಳೆಯುತ್ತ ಬಿದ್ದೆವು, ನನ್ನೊಬ್ಬನನ್ನು ಬಿಟ್ಟು.

"ಮೀನಿನ ಚಾಕು ಇಡು, ಚಂದ ಐತಿ" ಎಂದ ಫಕೀರಪ್ಪ.

"ಚಂದ ತಗೊಂಡು ಏನ್ಮಾಡ್ಲಿ? ಮುಟ್ಟಿದ್ರ ಬಾಯಿ ತೆಗಿತೈತಿ ಅದು. ಕೂಸಿನ ಬುಡಕ ಇಡಾಕ ಬಾಯಿ ಬಿಡಲಾರದ್ದು ಬೇಕು."

ನನ್ನನ್ನೆತ್ತಿಕೊಂಡಳು. ಹೆಬ್ಬೆರಳು ಹಳೆಯ ತಗ್ಗಿನಲ್ಲಿ ತಾನಾಗಿ ಕುಳಿತಿತು. ಮೀನು ತನ್ನ ಕಣ್ಣಿನಿಂದಲೇ ಅದನ್ನು ನೋಡಿತು.

ಬೀಗುತ್ತ ತೊಟ್ಟಿಲು ಸೇರಿದೆ. ಆ ಜಂಬ ಬಹಳ ದಿನ ಉಳಿಯಲಿಲ್ಲ. ಸಂಚಿ ಈಗ ಗೂಟಕ್ಕೆ ನೇತಾಡುತ್ತದೆ, ಮೀನು ಅದರೊಳಗೇ ಮುಚ್ಚಿಕೊಂಡಿದೆ. ಡಬ್ಬಿಯ ಮುಚ್ಚಳ ಯಾರೂ ತೆಗೆಯುವುದಿಲ್ಲ. ಹಾಲವ್ವ ಮತ್ತೆ ಮತ್ತೆ ತೊಟ್ಟಿಲಿಗೆ ಬರುತ್ತಾಳೆ. ಆಕೆಯ ಕೈ ದಿಂಬಿನ ತನಕ ಬಂದು, ಕೂಸಿನ ಗಲ್ಲದ ಮೇಲೆ ನಿಲ್ಲುತ್ತದೆ.

"ಅಯ್ಯ, ಎಷ್ಟ ಚಂದ ಐತಿ ಇದು" ಎನ್ನುತ್ತಾಳೆ. "ಕಣ್ಣು ನೋಡ್ರಿ ಇದರದು."

ಮಾತು ಅದೇ. ಮೀನಿಗೆ ಹೇಳಿದ್ದೇ.

ಈಗ ನನ್ನ ಹೊಟ್ಟೆಕಿಚ್ಚೆಲ್ಲ ಈ ಕೂಸಿನ ಮೇಲೆ. ನನಗೆ ಸಿಕ್ಕ ಕೆಲಸವೋ, ಇದನ್ನೇ ಕಾಯುವುದು. ಮಧ್ಯಾಹ್ನ ಅದು ನಿದ್ದೆಯಲ್ಲಿ ಬೆಚ್ಚಿ ತುಟಿ ನಡುಗಿಸುತ್ತದೆ. ನಾನು ದಿಂಬಿನ ಕೆಳಗೆ ಬಾಯಿ ಬಿಗಿಹಿಡಿದು ಇದ್ದಲ್ಲೇ ಇರುತ್ತೇನೆ. ಅದು ಮತ್ತೆ ನಿದ್ದೆಹೋಗುತ್ತದೆ.

ಕಾಯುತ್ತೇನೆ, ಇನ್ನೇನು. ಹಾಲವ್ವನ ಕೈ ಈಗ ಬರುವುದು ಇಲ್ಲಿಗೊಂದೇ.