ಹಲಗೆ ಕಿತ್ತ ಮೇಲೆ

ಅಸಹ್ಯ ಅನ್ನುವ ಮಾತು ಸೀಸೆಯಕ್ಕನ ಬಾಯಲ್ಲಿ ಬಂದದ್ದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸವೇ ಅದು. ಬೆಳಗಾದರೆ ಜನ ನಾಚಿಕೊಂಡು ಸೆರಗಿನಲ್ಲಿ, ಕಾಗದದಲ್ಲಿ ಮುಚ್ಚಿ ತರುವ ಸೀಸೆಗಳನ್ನು ಮುಖ ಸಿಂಡರಿಸದೆ ಇಸಿದುಕೊಳ್ಳುವುದು, ಮುಚ್ಚಳ ತೆಗೆಯುವುದು, ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಆ ಸೀಸೆಗಳಿಂದಲೇ ಅವಳಿಗೆ ಆ ಹೆಸರು ಬಿದ್ದದ್ದು. ಮಲ, ಮೂತ್ರ, ಕಫ, ಕೀವು ಎಲ್ಲವೂ ಅವಳಿಗೆ ನಂಬರು ಬರೆದ ಚೀಟಿ, ಅಷ್ಟೆ. ಮಧ್ಯಾಹ್ನ ಕೈ ತೊಳೆದುಕೊಂಡು ಪಕ್ಕದ ಕೋಣೆಯಲ್ಲೇ ಊಟದ ಡಬ್ಬಿ ಬಿಚ್ಚಿ ಕೂರುವವಳು. ಹೊಸದಾಗಿ ಸೇರಿದ ಹುಡುಗಿಯರು ಓಕರಿಸಿದರೆ, ‘ಅದು ಮನುಷ್ಯನ ಹೊಟ್ಟೆಯಿಂದ ಬಂದದ್ದು ಕಣ್ರೇ, ಆಕಾಶದಿಂದ ಬಿದ್ದದ್ದಲ್ಲ’ ಎಂದು ನಗುತ್ತಿದ್ದಳು. ಅವಳ ಅಣ್ಣನಿಗೆ ಮಾತ್ರ ಈ ಕೆಲಸ ಎಂದೂ ಸರಿಹೋಗಲಿಲ್ಲ. ತಂಗಿ ಒಂದು ಲೋಟ ನೀರು ಕೊಟ್ಟರೂ ‘ಕೈ ತೊಳೆದ್ಯಾ?’ ಎಂದು ಕೇಳಿಯೇ ಕುಡಿಯುತ್ತಿದ್ದ.

ಅಪ್ಪ ತೀರಿಕೊಂಡು ಮೂರು ವರ್ಷವಾದ ಮೇಲೆ ಕೆರೆದಂಡೆಯ ಮನೆಯನ್ನು ರಿಪೇರಿ ಮಾಡಿಸುವ ಮಾತು ಬಂತು. ರಜೆ ಬಂದರೆ ಎರಡೂ ಸಂಸಾರ ಬಂದು ಇಳಿಯುತ್ತಿದ್ದ ಮನೆ ಅದು. ಗೋಡೆ, ಸೂರು ಗಟ್ಟಿಯಾಗಿದ್ದವು. ಕೆಟ್ಟದ್ದು ಹಿಂಬದಿ. ಮನೆಯ ಬೆನ್ನಿಗಂಟಿಕೊಂಡಿದ್ದ ಮರದ ಡೆಕ್ಕು, ಅಂದರೆ ಕಂಬದ ಮೇಲೆ ಹಲಗೆ ಹಾಸಿದ ದೊಡ್ಡ ಜಗಲಿ, ಕಾಲಿಟ್ಟಲ್ಲಿ ಸ್ಪಂಜಿನಂತೆ ಕುಸಿಯುತ್ತಿತ್ತು. ಅದರ ತುದಿಯಿಂದ ನೀರಿನೊಳಕ್ಕೆ ಚಾಚಿದ್ದ ಹಲಗೆಯ ಕಾಲುದಾರಿ, ಜೆಟ್ಟಿ, ಕುಡಿದವನ ಹಾಗೆ ಒಂದು ಕಡೆಗೆ ವಾಲಿತ್ತು. ಎರಡನ್ನೂ ಕಿತ್ತು ಹೊಸದು ಹಾಕಿಸುವುದೆಂದಾಯಿತು. ಅಣ್ಣನಿಗೆ ಆಫೀಸು, ಮೀಟಿಂಗು. ಹಾಗಾಗಿ ಎರಡು ವಾರ ರಜೆ ಹಾಕಿ ದಿನವೂ ಬಸ್ಸು ಹಿಡಿದು ಬಂದು ಕೆಲಸ ನೋಡಿಕೊಳ್ಳುವುದು ತಂಗಿಯ ಪಾಲಿಗೆ ಬಂತು.

ಬಡಗಿ ಮೇಸ್ತ್ರಿ ಐವತ್ತು ದಾಟಿದ ಒಣಕಲು ಆಸಾಮಿ. ತುಟಿಯ ಮೂಲೆಯಲ್ಲಿ ಯಾವಾಗಲೂ ಎರಡು ಮೊಳೆ. ಅವುಗಳನ್ನು ತೆಗೆಯದೆಯೇ ಮಾತಾಡುತ್ತಿದ್ದುದರಿಂದ ಅವನ ಮಾತೆಲ್ಲ ಹಲ್ಲುನೋವಿನವನ ಮಾತಿನಂತೆ ಕೇಳುತ್ತಿತ್ತು. ಮೊದಲ ದಿನವೇ ಡೆಕ್ಕಿನ ಹಲಗೆಗಳಿಗೆ ಹಾರೆ ಹಾಕಿ ಎಬ್ಬಿಸಿದ. ಹಲಗೆ ಎದ್ದಂತೆ ಕೆಳಗಿನಿಂದ ಎದ್ದ ವಾಸನೆಗೆ ಮೇಸ್ತ್ರಿ ತಲೆ ಹಿಂದಕ್ಕೆಳೆದುಕೊಂಡ. ಹಲಗೆಯ ತಳಭಾಗಕ್ಕೆ ಬಿಳಿ ಬೂಷ್ಟು, ಹಳದಿ ಬೂಷ್ಟು, ಕಿವಿಯಾಕಾರದ ಅಣಬೆ. ತೊಲೆಗಳ ಸಂದಿಯಲ್ಲಿ ಇಲಿಗೂಡು, ಗೂಡಿನೊಳಗೆ ಒಣಗಿ ಚಕ್ಕೆಯಾದ ಎರಡು ಇಲಿ, ಅವುಗಳ ಪಕ್ಕದಲ್ಲೇ ಅತ್ತಿಗೆ ಎಂದೋ ಕಳೆದುಕೊಂಡು ಕೆಲಸದವಳ ಮೇಲೆ ಗುಮಾನಿಪಟ್ಟಿದ್ದ ಬೆಳ್ಳಿ ಚಮಚ. ಮೇಸ್ತ್ರಿ ಮೂಗು ಕಟ್ಟಿಕೊಂಡ. ಸೀಸೆಯಕ್ಕ ಇಲಿಯ ಬಾಲ ಹಿಡಿದು ಎತ್ತಿ ಚೀಲಕ್ಕೆ ಹಾಕಿದಳು.

‘ಅಕ್ಕಾವ್ರೆ, ನಿಮ್ಗೆ ಏನೂ ಅನ್ಸೋದೇ ಇಲ್ವಾ?’ ಎಂದ ಮೇಸ್ತ್ರಿ.

‘ಇದಕ್ಕೆಲ್ಲ ಏನನ್ಸಬೇಕು? ಸತ್ತಿದೆ ಪಾಪ.’

ನಾಲ್ಕನೆಯ ದಿನ ಜೆಟ್ಟಿಗೆ ಕೈ ಹಾಕಿದರು. ಮೇಸ್ತ್ರಿ ಚಡ್ಡಿ ಏರಿಸಿಕೊಂಡು ಸೊಂಟದುದ್ದ ನೀರಿಗಿಳಿದ. ಎರಡು ದಿನ ಆ ನೀರಲ್ಲೇ ನಿಂತು ಮೇಲಿನ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿದ. ಮುಖ ಬೆವೆತರೆ ಅದೇ ನೀರನ್ನು ಬೊಗಸೆಯಲ್ಲಿ ತೆಗೆದು ಎರಚಿಕೊಂಡ. ಜೆಟ್ಟಿ ಕೆಲಸದ ಮೂರನೆಯ ದಿನ, ಬಲಗಡೆಯ ಕೊನೆಯ ಕಂಬಕ್ಕೆ ಹಗ್ಗ ಬಿಗಿಯಲು ಕೈ ಇಳಿಬಿಟ್ಟವನು ಹಾಗೇ ನಿಂತುಬಿಟ್ಟ. ಮೊಳೆಗಳನ್ನು ಬಾಯಿಂದ ತೆಗೆದ.

‘ಅಕ್ಕಾವ್ರೆ, ಇಲ್ಲೊಂದು ಪೈಪೈತೆ.’

‘ಎಂಥ ಪೈಪು?’

‘ತೋಳ್‌ದಪ್ಪ. ಕಂಬಕ್ಕೆ ತಂತಿ ಸುತ್ತಿ ಕಟ್ಟವ್ರೆ. ಮನೆ ಕಡೆಯಿಂದ್ಲೇ ಬಂದಂಗದೆ.’ ಕೈ ಮೇಲೆತ್ತಿ ಮೂಸಿ ನೋಡಿದ. ಮತ್ತೊಮ್ಮೆ ಮೂಸಲಿಲ್ಲ.

ಮನೆಗೆ ಮಲದ ಗುಂಡಿ ಇತ್ತು. ಮುಂದಿನ ಹುಲ್ಲುಹಾಸಿನ ಕೆಳಗೆ ಅಪ್ಪ ನಿಂತು ತೋಡಿಸಿದ್ದು. ‘ನೂರು ವರ್ಷ ನೋಡಬೇಕಾಗಿಲ್ಲ’ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಸೀಸೆಯಕ್ಕ ಒಳಗೆ ಹೋದಳು. ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಪೂರ್ತಿ ಕಮೋಡಿಗೆ ಸುರಿದಳು. ‘ನೋಡ್ತಾ ಇರಿ’ ಎಂದು ಕಿಟಕಿಯಿಂದ ಕೂಗಿ ನೀರು ಬಿಟ್ಟಳು. ತೊಟ್ಟಿ ತುಂಬಿದ ಮೇಲೆ ಮತ್ತೊಮ್ಮೆ ಬಿಟ್ಟಳು. ಮತ್ತೂ ಒಮ್ಮೆ.

ಅವಳು ದಂಡೆಗೆ ಬರುವ ಹೊತ್ತಿಗೆ ಕೊನೆಯ ಕಂಬದ ಬುಡದಿಂದ ನೀಲಿ ಬಣ್ಣ ಹೊಗೆಯಂತೆ ಏಳುತ್ತಿತ್ತು. ಏಳುತ್ತಾ ಮೇಸ್ತ್ರಿಯ ಸೊಂಟದ ಸುತ್ತ ಹರಡಿ ನಿಂತಿತು. ಮೇಸ್ತ್ರಿ ಅದನ್ನು ನೋಡಿದ, ತನ್ನ ಕೈ ನೋಡಿಕೊಂಡ. ಎದ್ದು ಬಿದ್ದು ದಂಡೆಗೆ ಓಡಿಬಂದು ಮಂಡಿಯೂರಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡ.

ಸೀಸೆಯಕ್ಕ ಕೊಳಾಯಿಯ ಉದ್ದ ಪೈಪು ಎಳೆದು ತಂದು ಅವನ ತಲೆಯಿಂದ ಪಾದದವರೆಗೆ ನೀರು ಬಿಟ್ಟಳು. ಇಡೀ ಸೋಪು ಕೈಗೆ ಕೊಟ್ಟಳು. ಅವನು ಚರ್ಮ ಕೆಂಪಾಗುವವರೆಗೆ ಉಜ್ಜಿಕೊಂಡ.

‘ಬೊಗಸೇಲಿ ತಗೊಂಡು ಮುಖ ತೊಳ್ದಿದ್ನಲ್ಲ ಅಕ್ಕಾವ್ರೆ ನಾನು,’ ಎಂದ. ಬೈಗುಳವಾಗಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ಅವನು ಹೇಳಿದ್ದು ನಾಚಿಕೆಯಿಂದ, ತಪ್ಪು ತನ್ನದೇ ಎಂಬ ಹಾಗೆ.

ಸೀಸೆಯಕ್ಕ ಅಲ್ಲೇ ಮರದ ರಾಶಿಯ ಮೇಲೆ ಕುಳಿತಳು. ಅವಳ ಕಣ್ಣಿಗೆ ಕಂಡದ್ದು ಹೊಲಸು ನೀರಲ್ಲ, ಮಗಳು. ಆ ಕಂಬದ ಪಕ್ಕದಲ್ಲೇ ಏಣಿ ಇತ್ತು. ಅವಳ ಮಗಳು ಆರು ವರ್ಷದವಳಿದ್ದಾಗಿನಿಂದ ಹದಿನಾರಾಗುವವರೆಗೆ ಪ್ರತಿ ರಜೆಯಲ್ಲೂ ಬೆಳಗಿನಿಂದ ಸಂಜೆವರೆಗೆ ಆ ಏಣಿಯಿಂದಲೇ ಇಳಿದು, ಮುಳುಗಿ, ಬಾಯಿ ತುಂಬ ನೀರು ತುಂಬಿಕೊಂಡು ಕಾರಂಜಿ ಬಿಡುತ್ತಿದ್ದಳು. ಪ್ರತಿ ರಜೆ ಮುಗಿದ ಮೇಲೂ ಕಿವಿ ಸೋರುತ್ತಿತ್ತು. ಎರಡು ಸಲ ಆಪರೇಶನ್ ಆಯಿತು. ಎಡಗಿವಿ ಅರ್ಧ ಕಿವುಡಾಯಿತು. ಇದೇ ನೀರಿನಿಂದ ಆಯಿತು ಎಂದು ಯಾವ ಲ್ಯಾಬೂ ಬರೆದುಕೊಡುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳು ಓಕರಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

‘ಆ ಪೈಪಿನ ಬಾಯಿ ಮುಚ್ಚೋಕೆ ಆಗುತ್ತಾ ಮೇಸ್ತ್ರಿ?’ ಕೇಳಿದಳು.

ಮೇಸ್ತ್ರಿ ಹೊಸ ಮರದಲ್ಲಿ ಒಂದು ತುಂಡು ಕೊಯ್ದು, ಕೆತ್ತಿ, ಗೋಣಿ ಸುತ್ತಿ ದೊಡ್ಡ ಬಿರಡೆ ಮಾಡಿದ. ರಬ್ಬರ್ ಬೂಟು, ಕೈಗವಸು ಅವಳೇ ಪೇಟೆಯಿಂದ ತಂದುಕೊಟ್ಟಳು. ಶನಿವಾರ ಅವನು ಕಣ್ಣು ಕಿರಿದುಮಾಡಿ, ಉಸಿರು ಬಿಗಿಹಿಡಿದು ಮತ್ತೆ ಇಳಿದು, ಹತ್ತು ಪೆಟ್ಟು ಹೊಡೆದು ಬಿರಡೆ ಬಿಗಿದ. ಅವಳು ಮನೆಯ ಬಚ್ಚಲ ಬಾಗಿಲಿಗೆ ಹಗ್ಗ ಕಟ್ಟಿ, ‘ಬಳಸಬೇಡಿ’ ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದಳು.

ಭಾನುವಾರ ಅಣ್ಣ ಅತ್ತಿಗೆಯ ಜೊತೆ ಕಾರಿನಲ್ಲಿ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪೈಪಿನ ವಿಷಯ ಫೋನಿನಲ್ಲೇ ಹೇಳಿದ್ದಳು. ‘ಬಂದು ಮಾತಾಡ್ತೀನಿ, ಯಾರಿಗೂ ಹೇಳಬೇಡ’ ಎಂದಿದ್ದ. ಬಂದವನು ಹಲಗೆ ಕಿತ್ತ ಜಾಗದ ಸುತ್ತ ಬೂಟು ಕೊಳೆಯಾಗದಂತೆ ಒಂದು ಸುತ್ತು ಬಂದ.

‘ನೋಡು ಪುಟ್ಟಿ, ಇದನ್ನ ದೊಡ್ಡದು ಮಾಡೋದು ಬೇಡ. ಮೇಲೆ ಹೊಸ ಹಲಗೆ ಬಿದ್ರೆ ಯಾರಿಗೆ ಕಾಣುತ್ತೆ? ಮುಂದಿನ ತಿಂಗಳು ನಮ್ಮ ಸಾಹೇಬರು ಸಂಸಾರ ಸಮೇತ ಬರ್ತಿದ್ದಾರೆ. ಅಷ್ಟರಲ್ಲಿ ಮುಗೀಬೇಕು.’

‘ಅವರನ್ನೂ ಇದೇ ನೀರಿಗೆ ಇಳಿಸ್ತೀಯಾ?’

‘ಅಯ್ಯೋ, ಇಷ್ಟು ದೊಡ್ಡ ಕೆರೆ! ಒಂದು ಮನೆಯದು ಏನು ಮಹಾ ಆಗುತ್ತೆ?’

ಅತ್ತಿಗೆ ಕೆಟ್ಟವಳಲ್ಲ. ಗಂಡನ ಪರ ಒಂದು ಮಾತು ಸೇರಿಸಿದರೆ ಜಗಳ ತಣ್ಣಗಾಗುತ್ತದೆ ಅಂದುಕೊಂಡಳು, ಅಷ್ಟೆ. ‘ಇವರು ಹುಷಾರಾಗೇ ಇದ್ರು ಬಿಡಿ. ಮಾವನವರು ಹೇಳಿದ ದಿನದಿಂದ ನಮ್ಮ ಮಕ್ಕಳನ್ನ ಒಂದು ದಿನಾನೂ ನೀರಿಗೆ ಬಿಟ್ಟಿಲ್ಲ ಇವರು,’ ಎಂದಳು.

ಮೇಸ್ತ್ರಿಯ ಉಳಿಯ ಸದ್ದು ನಿಂತಿತು.

‘ಅಪ್ಪ ಯಾವಾಗ ಹೇಳಿದ್ರು?’ ಎಂದಳು ಸೀಸೆಯಕ್ಕ.

ಅತ್ತಿಗೆ ಗಂಡನ ಮುಖ ನೋಡಿದಳು. ಅಣ್ಣ ಮೋಡ ನೋಡಿದ.

ಹದಿಮೂರು ವರ್ಷದ ಹಿಂದೆ ಎಂದು ಕೊನೆಗೆ ಅತ್ತಿಗೆಯೇ ಬಾಯಿಬಿಟ್ಟಳು. ಗುಂಡಿ ತುಂಬಿ ಉಕ್ಕಿತ್ತು. ಹೊಸ ಗುಂಡಿ ತೋಡಿಸಿದರೆ ಹುಲ್ಲುಹಾಸು ಹಾಳಾಗುತ್ತದೆ ಎಂದು ಅಪ್ಪ ಯಾರೂ ಇಲ್ಲದ ವಾರ ನೋಡಿ ಪೈಪು ತಿರುಗಿಸಿದ್ದರು. ಮಗನಿಗೆ ಹೇಳಿದ್ದರು. ಮಗಳಿಗೆ ಹೇಳಿದರೆ ರಂಪ ಮಾಡುತ್ತಾಳೆ ಎಂದು ಹೇಳಿರಲಿಲ್ಲ. ಅಣ್ಣನ ಮಕ್ಕಳಿಗೆ ನೀರು ಕಂಡರೆ ಅಲರ್ಜಿ, ಚರ್ಮ ಕೆಂಪಾಗುತ್ತದೆ ಎಂದು ಅತ್ತಿಗೆ ಪ್ರತಿ ರಜೆಯಲ್ಲೂ ಹೇಳಿದ್ದು ಈಗ ಸೀಸೆಯಕ್ಕನಿಗೆ ನೆನಪಾಯಿತು. ಪಾಪದ ಮಕ್ಕಳು ಎಂದು ಮರುಗಿ, ಮುಲಾಮು ಕೂಡ ತಂದುಕೊಟ್ಟಿದ್ದಳು.

‘ನನ್ನ ಮಗಳು ಹತ್ತು ವರ್ಷ ಆ ನೀರು ಕುಡಿದಳು ಅಣ್ಣ. ನೀನು ಇದೇ ಡೆಕ್ಕಿನ ಮೇಲೆ ಕಾಫಿ ಕುಡೀತಾ ಕೂತಿದ್ದೆ.’

‘ನಾನೇನು ಮಾಡಬೇಕಿತ್ತು? ಅಪ್ಪನ ಮಾನ ಕಳೀಬೇಕಿತ್ತಾ? ಅವಳಿಗೇನೂ ಆಗಿಲ್ಲವಲ್ಲ, ಕಿವಿ ಮೊದಲಿಂದಾನೂ ಹಾಗೇ.’

ಅಣ್ಣ ಮಾತು ಮುಗಿಯಿತೆಂದುಕೊಂಡು ಒಳಗೆ ಹೋದ. ಹಗ್ಗ ಬಿಚ್ಚಿದ ಸದ್ದು, ಕಾಗದ ಹರಿದ ಸದ್ದು ಕೇಳಿಸಿತು. ‘ಅಣ್ಣ, ಅದನ್ನ ಬಳಸಬೇಡ, ಪೈಪು ಮುಚ್ಚಿಸಿದ್ದೀನಿ!’ ಎಂದು ಕೂಗಿದಳು. ‘ಹದಿಮೂರು ವರ್ಷ ಹರಿದದ್ದು ಇವತ್ತು ನಿಲ್ಲುತ್ತಾ!’ ಎಂಬ ನಗು ಒಳಗಿನಿಂದ ಬಂತು. ನೀರು ಬಿಟ್ಟ ಸದ್ದು. ಇನ್ನೊಮ್ಮೆ ಬಿಟ್ಟ ಸದ್ದು. ಆಮೇಲೆ ಅವನ ಕೂಗು.

ಹೊಸದಾಗಿ ಟೈಲ್ಸ್ ಹಾಕಿಸಿದ್ದ ಬಚ್ಚಲದು. ಕಮೋಡು ತುಂಬಿ, ಅಂಚು ಮೀರಿ, ನೆಲದ ಜಾಲರಿಯಿಂದಲೂ ಕಪ್ಪಗೆ ಗುಳುಗುಳು ಉಕ್ಕುತ್ತಿತ್ತು. ವರ್ಷಗಟ್ಟಲೆ ಪೈಪಿನ ಹೊಟ್ಟೆಯಲ್ಲಿ ಕೂತಿದ್ದದ್ದೆಲ್ಲ ಹಿಂತಿರುಗಿ ಬಂದಿತ್ತು. ಹೊಸ್ತಿಲು ದಾಟಿ ಹಜಾರದ ನೆಲಹಾಸಿನವರೆಗೂ ಹರಿಯಿತು. ಅತ್ತಿಗೆ ಸೀರೆ ಮೊಣಕಾಲಿಗೆತ್ತಿ ಕುರ್ಚಿ ಹತ್ತಿ ನಿಂತಳು. ಅಣ್ಣ ಒದ್ದೆ ಬೂಟಿನಲ್ಲಿ ಹಿಂಬಾಗಿಲಿಗೆ ಓಡಿಬಂದ.

‘ಏಯ್ ಮೇಸ್ತ್ರಿ! ಇಳಿದು ಆ ಬಿರಡೆ ಕೀಳು!’

ಮೇಸ್ತ್ರಿ ಬಾಯಿಂದ ಮೊಳೆ ತೆಗೆದು ಜೇಬಿಗೆ ಹಾಕಿಕೊಂಡ. ‘ಆಗಕಿಲ್ಲ ಸಾಮಿ. ಬೇರೆ ಯಾರ್ನಾದ್ರೂ ಕರ್ಸಿ.’

‘ನೀನೇ ಇಳಿ ಅಣ್ಣ,’ ಎಂದಳು ಸೀಸೆಯಕ್ಕ. ಅವಳ ದನಿ ಏರಲಿಲ್ಲ. ‘ಸೊಂಟದುದ್ದ ನೀರು, ಅಷ್ಟೇ. ಇಷ್ಟು ದೊಡ್ಡ ಕೆರೆ, ಒಂದು ಮನೆಯದು ಏನು ಮಹಾ ಅಂದೆಯಲ್ಲ. ಇಳಿ.’

ಅಣ್ಣ ದಂಡೆಯವರೆಗೆ ಹೋದ. ಬೂಟು ಕಳಚಿದ, ಪ್ಯಾಂಟು ಮಡಚಿದ. ಒಂದು ಕಾಲನ್ನು ನೀರಿನ ಮೇಲೆ ಚಾಚಿದ. ಹೆಬ್ಬೆರಳು ನೀರು ಮುಟ್ಟುವುದಕ್ಕೆ ನಾಲ್ಕು ಬೆರಳು ಉಳಿದಿರುವಾಗ ಆ ಕಾಲು ನಿಂತಿತು. ಮನೆಯೊಳಗಿಂದ ಹೆಂಡತಿ ಕೂಗುತ್ತಲೇ ಇದ್ದಳು. ಅವನು ಕಾಲು ಹಿಂದಕ್ಕೆಳೆದುಕೊಂಡು, ಮುಖ ಹಿಂಡಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡ.

ಅದುವರೆಗೆ ಅವಳಲ್ಲಿ ಅಣ್ಣನ ಬಗ್ಗೆ ಸಿಟ್ಟಿತ್ತು. ಸಿಟ್ಟಿನಲ್ಲಿ ಎಷ್ಟೆಂದರೂ ಒಂದು ಸಂಬಂಧ ಇರುತ್ತದೆ. ಆ ಕಾಲು ಹಿಂದೆ ಸರಿದ ಗಳಿಗೆಯಲ್ಲಿ ಸಿಟ್ಟು ಹೋಗಿ, ಮೈಮೇಲೆ ಹುಳ ಹರಿದಂಥ ಅಸಹ್ಯವೊಂದೇ ಉಳಿಯಿತು. ಒಂದೇ ತಟ್ಟೆಯಲ್ಲಿ ಉಂಡವನು, ಸೈಕಲ್ಲು ಕಲಿಸಿದವನು. ಅವನ ಮುಖ ನೋಡಲಿಕ್ಕೆ ಅವಳಿಗೆ ಆಗಲಿಲ್ಲ.

ಆ ಹೊಲಸನ್ನು ಕೊನೆಗೆ ಬಳಿದವಳು ಅವಳೇ. ಅಣ್ಣ ಅತ್ತಿಗೆ ಕಾರು ಹತ್ತಿ ಹೋದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ, ಮೇಸ್ತ್ರಿ ಬಕೆಟ್ಟು ಎತ್ತಿಕೊಡುತ್ತಿದ್ದಂತೆ ಸಂಜೆಯವರೆಗೆ ತೊಳೆದಳು. ಅದರಲ್ಲಿ ಅವಳಿಗೆ ಏನೂ ಅನ್ನಿಸಲಿಲ್ಲ.

ಮರುದಿನವೇ ಪುರಸಭೆಗೆ ಹೋಗಿ ತಮ್ಮ ಮನೆಯ ಮೇಲೆ ತಾನೇ ದೂರು ಬರೆದುಕೊಟ್ಟಳು. ಗುಮಾಸ್ತ ಎರಡೆರಡು ಸಲ ಓದಿ, ‘ಇದು ನಿಮ್ಮದೇ ವಿಳಾಸ ಅಲ್ವೇನಮ್ಮ?’ ಎಂದ. ಹೌದೆಂದಳು. ನೋಟಿಸು ಬಂದ ಮೇಲೆ ಅಣ್ಣ ಒಪ್ಪಲೇಬೇಕಾಯಿತು. ಅಪ್ಪನ ಹುಲ್ಲುಹಾಸು ಅಗೆದು ಹೊಸ ಗುಂಡಿ ತೋಡಿದರು. ಸಾಹೇಬರು ಬರಲಿಲ್ಲ. ಅಕ್ಕಪಕ್ಕದ ಎರಡು ಮನೆಯವರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಅದು ಯಾಕೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಪೈಪು ಮುಚ್ಚಿ ತಿಂಗಳಾದ ಮೇಲೆ ಸೀಸೆಯಲ್ಲಿ ಕೆರೆಯ ನೀರು ತುಂಬಿಕೊಂಡು ಹೋಗಿ ತನ್ನ ಲ್ಯಾಬಿನಲ್ಲೇ ಕ್ರಿಮಿ ಬೆಳೆಸುವ ಗಾಜಿನ ತಟ್ಟೆಗೆ ಸವರಿ ಬಿಸಿಗೂಡಿನಲ್ಲಿಟ್ಟು ನೋಡಿದಾಗ ತಿಳಿಯಿತು. ತಟ್ಟೆಯ ತುಂಬ ಕ್ರಿಮಿ ಬೆಳೆದಿತ್ತು. ದಂಡೆಯುದ್ದಕ್ಕೂ ಬಣ್ಣಬಣ್ಣದ ಜೆಟ್ಟಿಗಳು, ಚೆಂದದ ಡೆಕ್ಕುಗಳು, ಮೇಲೆ ಹೂಕುಂಡ. ಯಾರ ಹಲಗೆಯ ಕೆಳಗೆ ಏನಿದೆಯೋ.

ಮೇಸ್ತ್ರಿ ಕೆಲಸ ಅಚ್ಚುಕಟ್ಟಾಗಿ ಮುಗಿಸಿದ. ಜೆಟ್ಟಿ ನೆಟ್ಟಗೆ ನಿಂತಿತು. ಏಣಿ ಮಾತ್ರ ಬೇಡವೆಂದಳು.

ಮಗಳು ರಜೆಗೆ ಬಂದಾಗ ಅವಳನ್ನು ಕರೆದುಕೊಂಡು ಹೋಗಿ, ಹೊಸ ಹಲಗೆಯ ಮೇಲೆ ಅವಳ ಬಲಗಡೆ ಕೂತು ಎಲ್ಲ ಹೇಳಿದಳು. ಮಗಳು ಕೊನೆಗೆ ಒಂದೇ ಕೇಳಿದಳು.

‘ನಾನು ಮುಳುಗಿ ಎದ್ದಾಗೆಲ್ಲ ಮಾವ ಚಪ್ಪಾಳೆ ತಟ್ಟುತ್ತಿದ್ರು. ಆಗಲೂ ಗೊತ್ತಿತ್ತಾ?’

‘ಗೊತ್ತಿತ್ತು.’

ಮಗಳು ಎದ್ದು ಜೆಟ್ಟಿಯ ತುದಿಗೆ ಹೋಗಿ, ಬಾಯಲ್ಲಿ ಏನೋ ಉಳಿದುಬಿಟ್ಟಿದೆ ಎಂಬ ಹಾಗೆ ಮೂರು ನಾಲ್ಕು ಸಲ ಉಗಿದಳು. ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡಳು.

‘ಏಳಮ್ಮ. ನಾಲ್ಕೂವರೆ ಬಸ್ಸು ಸಿಗುತ್ತೆ,’ ಎಂದಳು.